ಲ್ಯಾಪ್‌ಟಾಪಿನ ವೇಗವರ್ಧನೆ: ಲಾಭವೇ, ನಷ್ಟವೇ?

ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಕಾರ್ಡನ್ನು ತಯಾರಕರು ಗೊತ್ತುಪಡಿಸಿದುದಕ್ಕಿಂತ ಹೆಚ್ಚಿನ ಗತಿಯಲ್ಲಿ ದುಡಿಸುವುದಕ್ಕೆ ‘ಓವರ್‌ಕ್ಲಾಕಿಂಗ್’ ಎಂದು ಹೆಸರು. ಖರ್ಚಿಲ್ಲದೆ ವೇಗ ದೊರೆಯುವುದೆಂದರೆ ವಿದ್ಯಾರ್ಥಿ ಮಿತ್ರರ ಮನಸ್ಸು ಅತ್ತ ಹರಿಯುವುದು ಸಹಜ. ಆದರೆ ವೇಗದ ಬೆನ್ನಿಗೇ ಶಾಖವೂ ಬರುವುದು.

ಚಿಪ್ಪು ದುಡಿಯುವಾಗ ಹುಟ್ಟುವ ಶಾಖವು ಮುಖ್ಯವಾಗಿ ಅದರ ಗತಿಯನ್ನೂ ವೋಲ್ಟೇಜಿನ ವರ್ಗವನ್ನೂ ಅನುಸರಿಸುತ್ತದೆ. ಗತಿಯನ್ನು ಶೇಕಡ 10, ವೋಲ್ಟೇಜನ್ನು ಶೇಕಡ 5 ಏರಿಸಿದರೆ ಆ ಶಾಖವು ಸುಮಾರು ಶೇಕಡ 21 ಏರುವುದು. ಮೇಜಿನ ಕಂಪ್ಯೂಟರಿಗೆ ಗಾಳಿಯಾಡುವ ದೊಡ್ಡ ಪೆಟ್ಟಿಗೆಯುಂಟು. ಲ್ಯಾಪ್‌ಟಾಪಿಗೆ ಪುಟ್ಟ ಫ್ಯಾನುಗಳೇ ಆಧಾರ. ಬೇಸಗೆಯಲ್ಲಿ ನಮ್ಮ ಕಲ್ಯಾಣ, ಡೊಂಬಿವಲಿಗಳ ಗಾಳಿಯೇ 35 ಡಿಗ್ರಿ ದಾಟಿರುವಾಗ ಅದು ತಣಿಯುವುದೆಂತು? ಬಿಸಿ ಮಿತಿಮೀರಿದೊಡನೆ ಯಂತ್ರವು ತಾನಾಗಿಯೇ ಗತಿಯನ್ನು ತಗ್ಗಿಸಿಕೊಳ್ಳುವುದು. ಗಳಿಸಿದ ವೇಗ ಅಲ್ಲಿಗೆ ಮುಗಿಯಿತು.

ಹಾಗಾದರೆ ತೀರ್ಮಾನಿಸುವ ಬಗೆ ಯಾವುದು? ಯಂತ್ರವು ಅರ್ಧ ಗಂಟೆ ದುಡಿದು ಬಿಸಿಯಾದ ಮೇಲೆ, ಆಟದ ಒಂದೇ ದೃಶ್ಯವನ್ನು ಗತಿಯೇರಿಸುವ ಮೊದಲೂ ಅನಂತರವೂ ಮೂರು ಮೂರು ಸಲ ಅಳೆದು ಸರಾಸರಿ ತೆಗೆಯಬೇಕು. ಸೆಕೆಂಡಿಗೆ 60 ಚಿತ್ರಗಳಿದ್ದುದು 63 ಆದರೆ ಲಾಭ ಶೇಕಡ 5 ಮಾತ್ರ. ಸೆಕೆಂಡಿಗೆ 60 ಸಲ ಬದಲಾಗುವ ಪರದೆಯು ಆ ಹೆಚ್ಚಿನ ಮೂರನ್ನು ತೋರಿಸಲಾರದು. 40 ಇದ್ದುದು 46 ಆಗಿ, ಹಾಗೆಯೇ ನಿಂತರೆ ಯೋಚಿಸಬಹುದು.

ಮನೆಗೆಲ್ಲ ಒಂದೇ ಲ್ಯಾಪ್‌ಟಾಪು. ಅಕ್ಕನ ಪ್ರಾಜೆಕ್ಟು, ತಂದೆಯವರ ಕಚೇರಿಯ ಕೆಲಸ ಎರಡೂ ಅದರಲ್ಲಿಯೇ. ಅದು ನಡುವೆ ನಿಂತರೆ ಆಗುವ ನಷ್ಟವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದುದರಿಂದ ಮೊದಲು ಫ್ಯಾನಿನ ಧೂಳು ತೆಗೆಸಿ, ಯಂತ್ರದ ಹಿಂಬದಿಯನ್ನು ಕೊಂಚ ಎತ್ತರಿಸಿಡೋಣ. ಅಳೆದೂ ಲಾಭ ಕಾಣದಿದ್ದರೆ ಮೊದಲಿನ ಗತಿಗೇ ಮರಳುವುದು ವಿವೇಕ.