ಒಮ್ಮೆ ಹಠ, ಒಮ್ಮೆ ಸಾಧು: ಡೀಸೆಲ್ ಕಾರಿನ ಕಾಯಿಲೆ ಹುಡುಕುವುದು ಹೇಗೆ?

ಪೂರ್ತಿ ಕೆಟ್ಟು ನಿಂತ ಕಾರನ್ನು ರಿಪೇರಿ ಮಾಡುವುದು ಅಷ್ಟೇನೂ ಕಷ್ಟವಲ್ಲ. ಕೆಟ್ಟದ್ದು ಕಣ್ಣೆದುರಿಗೇ ಇರುತ್ತದೆ. ಮೆಕ್ಯಾನಿಕ್‌ನ ತಲೆಕೆಡಿಸುವುದು ಒಮ್ಮೊಮ್ಮೆ ಮಾತ್ರ ಕೆಡುವ ಕಾರು. ಸೋಮವಾರ ಕೀ ತಿರುಗಿಸಿದೊಡನೆ ಸ್ಟಾರ್ಟ್ ಆಗುತ್ತದೆ. ಮಂಗಳವಾರ ಏಳೆಂಟು ಸೆಕೆಂಡು ಸೆಲ್ಫ್ ಹೊಡೆದರೂ ಏಳುವುದಿಲ್ಲ. ಬುಧವಾರ ಗ್ಯಾರೇಜಿಗೆ ಒಯ್ದರೆ ಏನೂ ಆಗಿಯೇ ಇಲ್ಲವೆಂಬಂತೆ ಸಾಧುವಾಗಿ ನಿಂತಿರುತ್ತದೆ. ಮಕ್ಕಳ ಪರೀಕ್ಷೆಯ ದಿನವೋ, ಮನೆಯವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದ ರಾತ್ರಿಯೋ ಇದು ಮತ್ತೆ ಹಠ ಹಿಡಿದರೆ? ಆ ಅಳುಕಿನಲ್ಲೇ ಬ್ಯಾಟರಿ, ಫಿಲ್ಟರ್, ಪ್ಲಗ್ ಎಂದು ಒಂದೊಂದಾಗಿ ಬದಲಿಸುತ್ತಾ ಹೋಗುವ ಕುಟುಂಬಗಳು ಎಷ್ಟೋ. ದುಡ್ಡು ಖರ್ಚಾಗುತ್ತದೆ, ಕಾಯಿಲೆ ಮಾತ್ರ ಹಾಗೆಯೇ ಉಳಿಯುತ್ತದೆ.

ಹೊಸ ಡೀಸೆಲ್ ಕಾರುಗಳು ಈಗ ಕಡಿಮೆಯಾಗಿವೆ. ದೇಶದ ಅತಿ ದೊಡ್ಡ ಕಾರು ತಯಾರಕರಾದ ಮಾರುತಿ ಸುಜುಕಿಯವರು 2020ರ ಏಪ್ರಿಲ್‌ನಿಂದ ಡೀಸೆಲ್ ಕಾರುಗಳನ್ನೇ ನಿಲ್ಲಿಸಿದರು. ಆದರೂ ಹಳೆಯ ಡೀಸೆಲ್ ಕಾರುಗಳು ನಮ್ಮ ಊರುಗಳಲ್ಲಿ ಇನ್ನೂ ಓಡಾಡುತ್ತಿವೆ. ವಯಸ್ಸಾದಂತೆ ಅವುಗಳ ಇಂಥ ತಕರಾರುಗಳೂ ಹೆಚ್ಚು. ಪ್ರೌಢಶಾಲೆಯ ವಿಜ್ಞಾನ ಪಾಠಗಳು ನಿಜಕ್ಕೂ ಉಪಯೋಗಕ್ಕೆ ಬರುವ ಜಾಗ ಇದು.

ಕಿಡಿಯಿಲ್ಲದೆ ಹೊತ್ತುವ ಬೆಂಕಿ

ಪೆಟ್ರೋಲ್ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್ಗಿನ ಕಿಡಿ ಇಂಧನವನ್ನು ಹೊತ್ತಿಸುತ್ತದೆ. ಡೀಸೆಲ್ ಎಂಜಿನ್‌ನಲ್ಲಿ ಕಿಡಿ ಇಲ್ಲವೇ ಇಲ್ಲ. ಅಲ್ಲಿ ಗಾಳಿಯನ್ನು ಬಲವಾಗಿ ಒತ್ತಿಯೇ ಕಾಯಿಸುತ್ತಾರೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ನೀವು ಮುಟ್ಟಿ ನೋಡಿರಬಹುದು. ಅದೇ ತತ್ತ್ವ. ಜರ್ಮನಿಯ ರುಡಾಲ್ಫ್ ಡೀಸೆಲ್ 1892ರಲ್ಲಿ ಇಂಥ ಎಂಜಿನ್ನಿನ ಪೇಟೆಂಟಿಗೆ ಅರ್ಜಿ ಹಾಕಿದರು. 1897ರಲ್ಲಿ ಆಗ್ಸ್‌ಬರ್ಗ್ ನಗರದಲ್ಲಿ ನಡೆದ ಪರೀಕ್ಷೆಯಲ್ಲಿ ಅವರ ಎಂಜಿನ್ ಇಂಧನದ ಶಕ್ತಿಯಲ್ಲಿ ಶೇಕಡ 26ರಷ್ಟನ್ನು ಕೆಲಸವಾಗಿ ಪರಿವರ್ತಿಸಿತು. ಆ ಕಾಲಕ್ಕೆ ಅದು ದೊಡ್ಡ ಸಾಧನೆ.

ಲೆಕ್ಕ ಹಾಕಿ ನೋಡೋಣ. ಪಿಸ್ಟನ್ ಮೇಲೇರುವಾಗ ಗಾಳಿಯ ಗಾತ್ರ ಹದಿನೆಂಟನೆಯ ಒಂದು ಭಾಗಕ್ಕೆ ಇಳಿಯುತ್ತದೆ ಎನ್ನಿ. ಹೊರಗಿನ ಗಾಳಿ 27 ಡಿಗ್ರಿ ಸೆಲ್ಸಿಯಸ್, ಅಂದರೆ 300 ಕೆಲ್ವಿನ್. ಶಾಖ ಎಲ್ಲಿಯೂ ಸೋರಿಹೋಗದಿದ್ದರೆ ಒತ್ತಿದ ಗಾಳಿಯ ತಾಪ ಸುಮಾರು 950 ಕೆಲ್ವಿನ್, ಅಂದರೆ 680 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಹೊರಗಿನ ತಾಪ 10 ಡಿಗ್ರಿ ಇದ್ದರೆ ಅದು ಸುಮಾರು 625 ಡಿಗ್ರಿಗೇ ನಿಲ್ಲುತ್ತದೆ.

ಡೀಸೆಲ್ ತಾನಾಗಿ ಹೊತ್ತಲು ಇನ್ನೂರು ಚಿಲ್ಲರೆ ಡಿಗ್ರಿ ಸಾಕಲ್ಲವೇ ಎಂದು ನೀವು ಕೇಳಬಹುದು. ನಿಧಾನವಾಗಿ ಹೊತ್ತಿದರೆ ಎಂಜಿನ್ನಿಗೆ ಪ್ರಯೋಜನವಿಲ್ಲ. ಸಿಂಪಡಿಸಿದ ಹನಿಗಳು ಆವಿಯಾಗಿ, ಗಾಳಿಯೊಡನೆ ಬೆರೆತು, ಕೆಲವೇ ಮಿಲಿಸೆಕೆಂಡುಗಳಲ್ಲಿ ಉರಿಯಬೇಕು. ಅದಕ್ಕೆ ಗಾಳಿ ಬಹಳ ಹೆಚ್ಚು ಕಾದಿರಬೇಕು. ನಿಜವಾದ ಎಂಜಿನ್ನಿನಲ್ಲಾದರೋ ತಣ್ಣಗಿನ ಲೋಹದ ಗೋಡೆಗಳು ಶಾಖವನ್ನು ಹೀರುತ್ತವೆ. ಪಿಸ್ಟನ್ ರಿಂಗುಗಳ ಸಂದಿಯಲ್ಲಿ ಒಂದಷ್ಟು ಗಾಳಿ ನುಸುಳಿಹೋಗುತ್ತದೆ. ಎಂಜಿನ್ ನಿಧಾನವಾಗಿ ತಿರುಗಿದಷ್ಟೂ ಇವೆರಡಕ್ಕೂ ಹೆಚ್ಚು ಸಮಯ ಸಿಗುತ್ತದೆ.

ಆದ್ದರಿಂದ ಡೀಸೆಲ್ ಕಾರು ಸ್ಟಾರ್ಟ್ ಆಗಲು ಮೂರು ಅಂಶಗಳು ಕೂಡಿಬರಬೇಕು. ಎಂಜಿನ್ ಸಾಕಷ್ಟು ವೇಗವಾಗಿ ತಿರುಗಬೇಕು. ಒಳಗೆ ಸಾಕಷ್ಟು ಶಾಖವಿರಬೇಕು. ಗಾಳಿಯಿಲ್ಲದ ಶುದ್ಧ ಡೀಸೆಲ್ ಸರಿಯಾದ ಒತ್ತಡದಲ್ಲಿ ಒಳಗೆ ಬೀಳಬೇಕು.

ಮೊದಲು ಕಿವಿಗೊಡಿ, ಆಮೇಲೆ ಹೊಗೆ ನೋಡಿ

‘ಸ್ಟಾರ್ಟಿಂಗ್ ಟ್ರಬಲ್’ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಕಾಯಿಲೆಗಳು ಅಡಗಿವೆ. ಸೆಲ್ಫ್ ಹೊಡೆದಾಗ ಎಂಜಿನ್ ತೂಕಡಿಸುತ್ತಾ, ಏದುಸಿರು ಬಿಡುತ್ತಾ ತಿರುಗುತ್ತಿದೆಯೇ? ಹಾಗಾದರೆ ಅನುಮಾನ ಬ್ಯಾಟರಿ, ಕೇಬಲ್, ಸ್ಟಾರ್ಟರ್ ಮೋಟಾರಿನ ಮೇಲೆ. ಚುರುಕಾಗಿ ತಿರುಗಿದರೂ ಹೊತ್ತಿಕೊಳ್ಳುತ್ತಿಲ್ಲವೇ? ಹಾಗಾದರೆ ಶಾಖ ಇಲ್ಲವೇ ಇಂಧನದ ಕಡೆ ನೋಡಬೇಕು.

ಈ ಎರಡನೆಯ ಗುಂಪಿನಲ್ಲಿ ಸೈಲೆನ್ಸರಿನ ಹೊಗೆ ಒಳ್ಳೆಯ ಸಾಕ್ಷಿ. ಸೆಲ್ಫ್ ಹೊಡೆಯುವಾಗ ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಒಳಗೆ ತಲುಪುತ್ತಿದೆ, ಆದರೆ ಉರಿಯುತ್ತಿಲ್ಲ. ಶಾಖ ಸಾಲದು ಎಂದರ್ಥ. ತಣ್ಣಗಿನ ಎಂಜಿನ್ನಿಗೆ ನೆರವಾಗುವ ಹೀಟರ್ ಪ್ಲಗ್ಗುಗಳನ್ನು ಆಗ ಪರೀಕ್ಷಿಸಬೇಕು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಒಳಗೆ ಬೀಳುತ್ತಲೇ ಇಲ್ಲ ಎಂದು ಊಹಿಸಬಹುದು. ಹೀಟರ್ ಪ್ಲಗ್ ಬದಲಿಸಿ ಅಲ್ಲಿ ಏನೂ ಫಲವಿಲ್ಲ.

ಬೆಳಿಗ್ಗೆ ಸರಿಯಾಗಿ ಏಳುವ ಕಾರು ಓಡಿ ಬಿಸಿಯಾದ ಬಳಿಕ ನಿಲ್ಲಿಸಿದಾಗ ಮಾತ್ರ ಹಠ ಮಾಡಿದರೆ, ಅದು ಮತ್ತೊಂದು ಬಗೆ. ಅಲ್ಲಿಯೂ ಹೀಟರ್ ಪ್ಲಗ್ಗನ್ನು ದೂರುವಂತಿಲ್ಲ. ಬಿಸಿ ಡೀಸೆಲ್ ತೆಳ್ಳಗಾಗುತ್ತದೆ. ಸವೆದ ಇಂಜೆಕ್ಟರುಗಳಲ್ಲಿ ಅದು ಟ್ಯಾಂಕಿಗೆ ಹಿಂತಿರುಗುವ ದಾರಿಯಲ್ಲಿ ಸೋರಿಹೋಗಿ, ಬೇಕಾದ ಒತ್ತಡ ಏರುವುದಿಲ್ಲ. ಈಚಿನ ಕಾಮನ್‌ರೇಲ್ ಎಂಜಿನ್ನುಗಳಲ್ಲಿ ನಿಗದಿತ ಕನಿಷ್ಠ ಒತ್ತಡ ಏರುವ ತನಕ ಕಂಪ್ಯೂಟರು ಡೀಸೆಲ್ ಸಿಂಪಡಿಸಲು ಅಪ್ಪಣೆಯನ್ನೇ ಕೊಡುವುದಿಲ್ಲ. ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಬಿಸಿಯಾದಾಗ ಕೈಕೊಡುವುದೂ ಉಂಟು.

ನೂರರಲ್ಲೊಂದು ಓಮ್‌ನ ಮಹಿಮೆ

ಸ್ಟಾರ್ಟರ್ ಮೋಟಾರು ಸುಮಾರು 200 ಆಂಪಿಯರ್ ಪ್ರವಾಹ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಬ್ಯಾಟರಿಯ ಟರ್ಮಿನಲ್ಲಿಗೆ ಬಿಳಿಹಸಿರು ಕಿಲುಬು ಹಿಡಿದು ಅಲ್ಲಿ ಕೇವಲ 0.01 ಓಮ್ ರೋಧ ಉಂಟಾಗಿದೆ. ಓಮನ ನಿಯಮದಂತೆ 200ನ್ನು 0.01ರಿಂದ ಗುಣಿಸಿ: 2 ವೋಲ್ಟ್ ಅಲ್ಲೇ ನಷ್ಟ. ಹನ್ನೆರಡು ವೋಲ್ಟಿನ ಬ್ಯಾಟರಿಗೆ ಇದು ದೊಡ್ಡ ಪೆಟ್ಟು. ಹೆಡ್‌ಲೈಟಿಗೆ ಹೋಗುವ ಪ್ರವಾಹ ಬಹಳ ಕಡಿಮೆಯಾದ್ದರಿಂದ ಅದು ಚೆನ್ನಾಗಿಯೇ ಉರಿಯುತ್ತಿರುತ್ತದೆ. ‘ಲೈಟು ಉರಿಯುತ್ತಿದೆ, ಆದ್ದರಿಂದ ಎಲ್ಲವೂ ಸರಿಯಾಗಿದೆ’ ಎಂಬ ತರ್ಕ ಇಲ್ಲಿ ನಿಲ್ಲದು.

ಇದನ್ನು ಹಿಡಿಯಲು ಒಂದು ಮಲ್ಟಿಮೀಟರ್ ಸಾಕು. ಪೂರ್ತಿ ಚಾರ್ಜ್ ಆದ ಬ್ಯಾಟರಿ ಸುಮ್ಮನಿದ್ದಾಗ ಸುಮಾರು 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ ಅದು ಇಳಿಯುವುದು ಸಹಜ. ಆದರೆ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿಯನ್ನು ಪರೀಕ್ಷೆ ಮಾಡಿಸಬೇಕು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೂ ಹಿಡಿದು ಸೆಲ್ಫ್ ಹೊಡೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ವೈರಿನ ಜೋಡಣೆ ಸರಿಯಿಲ್ಲ. ಅದನ್ನು ಬಿಚ್ಚಿ ಉಜ್ಜಿ ಬಿಗಿಮಾಡಲು ಹೊಸ ಬ್ಯಾಟರಿಯ ಬೆಲೆ ತೆರಬೇಕಾಗಿಲ್ಲ.

ಮಲೆನಾಡಿನ ಒಂದು ಮನೆ

ಅಳತೆಗಳೆಲ್ಲ ಸರಿಯಿದ್ದೂ ತೊಂದರೆ ಮುಂದುವರಿದರೆ? ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಮೂಡಿಗೆರೆ ಕಡೆಯ ಒಂದು ಮನೆ. ಅಂಗಳ ಇಳಿಜಾರು. ಹತ್ತು ವರ್ಷದ ಹಳೆಯ ಡೀಸೆಲ್ ಕಾರು. ಹತ್ತನೆಯ ತರಗತಿಯ ಮಗಳು ಬೆಳಿಗ್ಗೆ ಎಂಟಕ್ಕೆ ಶಾಲೆಯಲ್ಲಿರಬೇಕು. ವಾರದಲ್ಲಿ ಎರಡು ಮೂರು ದಿನ ಕಾರು ಏಳುವುದಿಲ್ಲ. ‘ಬ್ಯಾಟರಿ ವೀಕಾಗಿದೆ ಸಾರ್’ ಎಂದರು, ಬದಲಾಯಿತು. ‘ಚಳಿಗೆ ಹೀಗೆ, ಹೀಟರ್ ಪ್ಲಗ್ ಹಾಕಿಸಿ’ ಎಂದರು, ಅದೂ ಆಯಿತು. ಡೀಸೆಲ್ ಫಿಲ್ಟರ್ ಕೂಡ ಹೊಸದು ಬಂತು. ಮಾರ್ಚಿಯ ಪರೀಕ್ಷೆ ಹತ್ತಿರ ಬರುತ್ತಿದೆ. ಕಾರನ್ನೇ ಮಾರಿಬಿಡುವ ಯೋಚನೆಯಲ್ಲಿ ತಂದೆ ಇದ್ದಾರೆ.

ಮಗಳು ಒಂದು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದಳು. ದಿನಾಂಕ, ಬೆಳಗಿನ ತಾಪ, ಕಾರು ಎಷ್ಟು ಗಂಟೆ ನಿಂತಿತ್ತು, ಟ್ಯಾಂಕಿನಲ್ಲಿ ಡೀಸೆಲ್ ಎಷ್ಟು, ಕಾರಿನ ಮೂತಿ ಯಾವ ಕಡೆ, ಎಷ್ಟು ಸೆಕೆಂಡು ಸೆಲ್ಫ್, ಹೊಗೆಯ ಬಣ್ಣ. ಮೂರು ವಾರಗಳಲ್ಲಿ 21 ಬೆಳಗುಗಳ ದಾಖಲೆಯಾಯಿತು. ಅದರಲ್ಲಿ ಕಾರು ಹಠ ಮಾಡಿದ್ದು 8 ಸಲ.

ಚಳಿಯ ದಿನಗಳಲ್ಲಿ ಕೆಲವು ಒಳ್ಳೆಯವು, ಕೆಲವು ಕೆಟ್ಟವು. ಬೆಚ್ಚನೆಯ ದಿನಗಳೂ ಹಾಗೆಯೇ. ಹಾಗಾದರೆ ಚಳಿ ಕಾರಣವಲ್ಲ. ಆದರೆ ಆ 8 ದಿನಗಳಲ್ಲೂ ಕಾರಿನ ಮೂತಿ ಏರಿನ ಕಡೆಗಿತ್ತು, ಹೊಗೆ ಬಂದಿರಲಿಲ್ಲ.

‘ಅಪ್ಪ, ಮೂತಿ ಮೇಲಕ್ಕೆ ಮಾಡಿ ನಿಲ್ಲಿಸಿದ ದಿನ ಮಾತ್ರ ಹೀಗಾಗ್ತಿದೆ.’

‘ಕಳೆದ ಭಾನುವಾರ ಹಾಗೇ ನಿಲ್ಲಿಸಿದ್ದೆನಲ್ಲ ಮಗಳೇ, ಸರಿಯಾಗೇ ಎದ್ದಿತಲ್ಲ?’

ತಂದೆಯ ಆಕ್ಷೇಪ ಸರಿಯಾದದ್ದೇ. ಮೂತಿ ಮೇಲಕ್ಕಿದ್ದ ದಿನಗಳು ಒಟ್ಟು 10. ಎರಡು ದಿನ ಕಾರು ಚೆನ್ನಾಗಿಯೇ ಎದ್ದಿತ್ತು. ಪುಟ ತಿರುವಿ ನೋಡಿದರೆ ಆ ಎರಡೂ ದಿನ ಟ್ಯಾಂಕು ತುಂಬಿತ್ತು! ಒಂದು ಕಾರಣವಲ್ಲ, ಎರಡು ಸನ್ನಿವೇಶಗಳು ಒಟ್ಟಿಗೆ ಬಂದಾಗ ಮಾತ್ರ ತೊಂದರೆ. ಒಮ್ಮೊಮ್ಮೆ ಬರುವ ಬಹುಪಾಲು ಕಾಯಿಲೆಗಳ ಗುಟ್ಟು ಇದೇ.

ಇದು ಇನ್ನೂ ಊಹೆ ಮಾತ್ರ. ಪ್ರಯೋಗ ಬೇಕು. ಟ್ಯಾಂಕಿನಲ್ಲಿ ಅರ್ಧದಷ್ಟೇ ಡೀಸೆಲ್ ಇಟ್ಟುಕೊಂಡು ಒಂದು ರಾತ್ರಿ ಮೂತಿ ಮೇಲಕ್ಕೆ, ಮರುರಾತ್ರಿ ಕೆಳಕ್ಕೆ, ಹೀಗೆ ಆರು ರಾತ್ರಿ ನಿಲ್ಲಿಸಿದರು. ಬೇರೇನನ್ನೂ ಬದಲಿಸಲಿಲ್ಲ. ಮೂತಿ ಮೇಲಕ್ಕಿದ್ದ ಮೂರೂ ಬೆಳಿಗ್ಗೆ ಕಾರು ಹಠ ಮಾಡಿತು, ಕೆಳಕ್ಕಿದ್ದ ಮೂರೂ ಬೆಳಿಗ್ಗೆ ತಟ್ಟನೆ ಎದ್ದಿತು. ಏಳನೆಯ ರಾತ್ರಿ ಮತ್ತೆ ಮೂತಿ ಮೇಲಕ್ಕೆ. ಬೆಳಿಗ್ಗೆ ಸೆಲ್ಫ್ ಹೊಡೆಯುವ ಮೊದಲು ಫಿಲ್ಟರಿನ ಬಳಿಯ ಕೈಪಂಪನ್ನು ಗಟ್ಟಿಯಾಗುವ ತನಕ ಒತ್ತಿದರು. ಕಾರು ಕೂಡಲೇ ಸ್ಟಾರ್ಟ್ ಆಯಿತು.

ಹನಿಯೂ ಸೋರದ ಸೋರಿಕೆ

ಆದದ್ದೇನು? ಈ ಬಗೆಯ ಕಾರಿನಲ್ಲಿ ಎಂಜಿನ್ನಿನ ಬಳಿಯ ಪಂಪು ಟ್ಯಾಂಕಿನಿಂದ ಡೀಸೆಲನ್ನು ಹೀರಿಕೊಳ್ಳುತ್ತದೆ. ಮೂತಿ ಮೇಲಕ್ಕಿದ್ದು ಟ್ಯಾಂಕಿನಲ್ಲಿ ಡೀಸೆಲ್ ಕಡಿಮೆಯಿದ್ದರೆ ಎಂಜಿನ್ ಕಡೆಯ ಕೊಳವೆ ಡೀಸೆಲಿನ ಮಟ್ಟಕ್ಕಿಂತ ಸಾಕಷ್ಟು ಎತ್ತರದಲ್ಲಿರುತ್ತದೆ. ಕೊಳವೆಯಲ್ಲಿ ಎಲ್ಲೋ ಕೂದಲೆಳೆಯ ಸಂದಿಯಿದ್ದರೆ ರಾತ್ರಿಯಿಡೀ ಅಲ್ಲಿಂದ ಗಾಳಿ ಒಳನುಗ್ಗುತ್ತದೆ, ಡೀಸೆಲ್ ಟ್ಯಾಂಕಿಗೆ ಹಿಂದಿರುಗುತ್ತದೆ. ಅಲ್ಲಿ ಒಳಗಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆ. ಆದ್ದರಿಂದ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಡೀಸೆಲ್ ಹೊರಗೆ ಬರುವುದಿಲ್ಲ. ನೆಲದ ಮೇಲೆ ಒಂದು ಹನಿಯೂ ಕಾಣಿಸದು. ಎಷ್ಟೋ ಸಲ ಈ ಸೋರಿಕೆ ಕಣ್ಣು ತಪ್ಪಿಸಿಕೊಳ್ಳುವುದು ಇದರಿಂದಲೇ.

ಗಾಳಿ ಹೊಕ್ಕರೆ ಏನು ಕಷ್ಟ ಎನ್ನುವವರು ಸೂಜಿ ತೆಗೆದ ಸಿರಿಂಜಿನಲ್ಲಿ ಪ್ರಯೋಗ ಮಾಡಬಹುದು. ಸಿರಿಂಜಿನಲ್ಲಿ ನೀರು ತುಂಬಿ, ತುದಿಯನ್ನು ಬೆರಳಿನಿಂದ ಮುಚ್ಚಿ ಒತ್ತಿ. ಅಲುಗುವುದಿಲ್ಲ. ಗಾಳಿ ತುಂಬಿ ಒತ್ತಿದರೆ ಕುಗ್ಗುತ್ತದೆ. ಗಾಳಿ ಸೇರಿದ ಪಂಪು ಡೀಸೆಲನ್ನು ತಳ್ಳುವ ಬದಲು ಗಾಳಿಯನ್ನು ಕುಗ್ಗಿಸುತ್ತಾ ಕೂರುತ್ತದೆ.

ಇನ್ನು ಮೆಕ್ಯಾನಿಕ್‌ಗೆ ಎಲ್ಲಿ ಹುಡುಕಬೇಕೆಂದು ಗೊತ್ತಾಯಿತು. ಫಿಲ್ಟರಿಗೂ ಪಂಪಿಗೂ ನಡುವೆ ಒಂದು ತುಂಡು ಪಾರದರ್ಶಕ ಪೈಪು ಜೋಡಿಸಿದ. ಗುಳ್ಳೆಗಳು ಸಾಲುಗಟ್ಟಿ ಬಂದವು. ಫಿಲ್ಟರಿನ ತಳದಲ್ಲಿ ನೀರು ಬಿಡುವ ಸ್ಕ್ರೂ ಇರುತ್ತದೆ. ಅದರ ರಬ್ಬರ್ ರಿಂಗು ಗಟ್ಟಿಯಾಗಿ ಬಿರುಕುಬಿಟ್ಟಿತ್ತು. ಫಿಲ್ಟರ್ ಬದಲಿಸಿದಾಗ ಹಳೆಯ ಸ್ಕ್ರೂವನ್ನು ಹಳೆಯ ರಿಂಗಿನೊಡನೆಯೇ ಹೊಸದಕ್ಕೆ ತಿರುಪಿದ್ದರು. ಫಿಲ್ಟರ್ ಹೊಸದಾಯಿತು, ಕಾಯಿಲೆಯೂ ಅದರೊಡನೆಯೇ ಬಂದು ಕೂತಿತು!

ಎಚ್ಚರಿಕೆಯ ಮಾತು

ಎಲ್ಲ ಕಾರುಗಳ ಕಾಯಿಲೆಯೂ ಇದೇ ಎಂದಲ್ಲ. ಟ್ಯಾಂಕಿನೊಳಗೇ ಪಂಪು ಇರುವ ಕಾರುಗಳಲ್ಲಿ ಸಂಗತಿ ಬೇರೆ. ಆದರೆ ಹುಡುಕುವ ಬಗೆ ಒಂದೇ.

ಕೆಲವು ಎಚ್ಚರಿಕೆಗಳನ್ನು ಮರೆಯಬಾರದು. ಮಕ್ಕಳು ಬರೆದುಕೊಳ್ಳಲಿ, ಬಾನೆಟ್ಟಿನ ಕೆಳಗಿನ ಕೆಲಸ ದೊಡ್ಡವರಿಗೂ ಮೆಕ್ಯಾನಿಕ್‌ಗೂ ಇರಲಿ. ಪರೀಕ್ಷೆಯ ಹೊತ್ತಿಗೆ ಗೇರು ನ್ಯೂಟ್ರಲ್‌ನಲ್ಲಿರಬೇಕು, ಹ್ಯಾಂಡ್‌ಬ್ರೇಕ್ ಎಳೆದಿರಬೇಕು. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬಾರದು, ನಡುವೆ ಅರ್ಧ ನಿಮಿಷವಾದರೂ ಬಿಡುವು ಕೊಡಬೇಕು. ಕಾಮನ್‌ರೇಲ್ ಎಂಜಿನ್ನಿನ ಒತ್ತಡದ ಪೈಪುಗಳನ್ನು ಮನೆಯಲ್ಲಿ ಎಂದೂ ಸಡಿಲಿಸಕೂಡದು. ವಾತಾವರಣದ ಒತ್ತಡದ ಸಾವಿರ ಪಟ್ಟಿಗೂ ಮಿಕ್ಕಿ ಅಲ್ಲಿ ಒತ್ತಡವಿರುತ್ತದೆ. ಚಿಮ್ಮಿದ ಡೀಸೆಲ್ ಚರ್ಮವನ್ನೇ ಕೊರೆದು ಒಳಹೊಗುತ್ತದೆ. ಹೀಟರ್ ಪ್ಲಗ್ಗಿರುವ ಎಂಜಿನ್ನಿಗೆ ಈಥರ್ ಸ್ಪ್ರೇ ಹೊಡೆಯುವುದೂ ಅಪಾಯ. ಕಾದ ಪ್ಲಗ್ಗಿಗೆ ತಗುಲಿ ಸ್ಫೋಟವಾದೀತು.

ಗ್ಯಾರೇಜಿಗೆ ಹೋಗುವಾಗ ‘ಒಮ್ಮೊಮ್ಮೆ ಸ್ಟಾರ್ಟ್ ಆಗೋದಿಲ್ಲ’ ಎಂದಷ್ಟೇ ಹೇಳಬೇಡಿ. ಎಂಜಿನ್ ತಣ್ಣಗಿದ್ದಾಗಲೋ ಬಿಸಿಯಿದ್ದಾಗಲೋ, ನಿಧಾನವಾಗಿ ತಿರುಗುತ್ತದೆಯೋ ಚುರುಕಾಗಿಯೋ, ಹೊಗೆ ಬಿಳಿಯೋ ಇಲ್ಲವೇ ಇಲ್ಲವೋ, ಯಾವ ಸರ್ವೀಸಿನ ಬಳಿಕ ಶುರುವಾಯಿತು ಎಂಬುದನ್ನು ಬರೆದು ಒಯ್ಯಿರಿ. ಸರಿಯಾಗಿ ಎದ್ದ ದಿನಗಳನ್ನೂ ತಪ್ಪದೆ ಬರೆಯಿರಿ. ಅವಿಲ್ಲದೆ ಕೆಟ್ಟ ದಿನಗಳನ್ನು ಹೋಲಿಸಿ ನೋಡಲು ಏನೂ ಇರುವುದಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲಿತಾಂಶ ಬರೆದುಕೊಂಡು ಮುಂದಿನದಕ್ಕೆ ಹೋಗಿ. ಒಳ್ಳೆಯ ಮೆಕ್ಯಾನಿಕ್ ಅಂಥ ಚೀಟಿಯನ್ನು ಕಂಡರೆ ಅರ್ಧ ಕೆಲಸ ಮುಗಿಯಿತೆಂದೇ ಸಂತೋಷಪಡುತ್ತಾನೆ.