ಕೊಳೆರೋಗದ ಮದ್ದು ಮತ್ತು ಅದರ ಹದ

ಮಲೆನಾಡಿನ ಅಡಕೆಯ ತೋಟಗಳಲ್ಲಿ ಮಳೆಗಾಲದೊಡನೆ ತಲೆದೋರುವ ಕೊಳೆರೋಗವು ಎಳೆಗಾಯಿಗಳನ್ನು ಉದುರಿಸಿ ವರುಷದ ಫಲವನ್ನೇ ಅಪಹರಿಸುವಂಥದು. ಒಕ್ಕಲಮಕ್ಕಳ ಈ ಮಾತು ಶಾಸ್ತ್ರಗ್ರಂಥಗಳನ್ನೂ ಹೊಕ್ಕಿದೆ. ಕಾಫಿಯ ಎಲೆಯನ್ನು ಕೊಳೆಸುವ ಬೇರೊಂದು ಶಿಲೀಂಧ್ರಕ್ಕೆ 1876ರಲ್ಲಿ ಕುಕ್ ಎಂಬ ವಿದ್ವಾಂಸನಿತ್ತ ಲ್ಯಾಟಿನ್ ನಾಮದಲ್ಲಿ ‘ಕೊಳೆರೋಗ’ವೇ ಉತ್ತರಪದವಾಗಿ ನಿಂತಿತು. ಪೂರ್ವದಲ್ಲಿ ಅಡಕೆಯ ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆನೀರನ್ನು ತಡೆಯುವುದೇ ಮುಖ್ಯೋಪಾಯವಾಗಿದ್ದಿತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಲೆಸ್ಲಿ ಕೋಲ್ಮನ್ನರು ಈ ರೋಗಕ್ಕೆ ಫೈಟಾಫ್ತೊರ ಕುಲದ ಶಿಲೀಂಧ್ರವು ಕಾರಣವೆಂದು ವಿವರಿಸಿ, ಬೋರ್ಡೊ ಮಿಶ್ರಣದ ಸಿಂಪಡಿಕೆಯನ್ನು ಇಲ್ಲಿ ಬಳಕೆಗೆ ತಂದರು. ಇದು ಫ್ರಾನ್ಸಿನಲ್ಲಿ ಮಿಲಾರ್ಡೆ ಎಂಬಾತನು 1885ರಲ್ಲಿ ದ್ರಾಕ್ಷಿಯ ಬಳ್ಳಿಗಾಗಿ ಪ್ರಕಟಿಸಿದ ಮದ್ದು.

ಇದರ ಪ್ರಮಾಣವು ಸುಲಭವಾದುದೇ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರು ನೀರು. ಇದನ್ನೇ ಶೇಕಡಾ 1ರ ದ್ರಾವಣವೆನ್ನುವರು. ಆದರೆ ತೂಕವು ಸರಿಯಾದ ಮಾತ್ರಕ್ಕೆ ಮದ್ದು ಸಿದ್ಧಿಸದು. ಬೆರಸುವ ಕ್ರಮವೇ ಇಲ್ಲಿ ಪ್ರಧಾನವಾದುದು. ತುತ್ತವನ್ನು 50 ಲೀಟರು ನೀರಿನಲ್ಲಿಯೂ, ಅರಳಿಸಿ ಆರಿಸಿದ ಸುಣ್ಣವನ್ನು ಮತ್ತೆ 50 ಲೀಟರಿನಲ್ಲಿಯೂ ಬೇರೆ ಬೇರೆಯಾಗಿ ಕದಡಿ, ಸುಣ್ಣದ ನೀರನ್ನು ಸೋಸಿ, ಅದಕ್ಕೆ ತುತ್ತದ ನೀರನ್ನು ಕಲಕುತ್ತ ಮೆಲ್ಲಗೆ ಹೊಯ್ಯಬೇಕು. ಎರಡನ್ನೂ ಗಟ್ಟಿಯಾಗಿಯೇ ಬೆರಸಿ ಆಮೇಲೆ ನೀರು ಕೂಡಿಸಿದರೆ ಲೆಕ್ಕವೇನೋ ಒಂದೇ. ಆದರೆ ಆಗ ಹುಟ್ಟುವ ತಾಮ್ರದ ಕಣಗಳು ದಪ್ಪವಾಗಿ ತಳಕ್ಕಿಳಿಯುವುವು, ಕಾಯಿಗೆ ಅಂಟವು. ತೆಳುವಾದ ನೀರುಗಳು ಕೂಡಿದಾಗಲಾದರೋ ನೀಲಿಯ ನುಣ್ಣನೆಯ ಗಷ್ಟು ತೇಲಿ ನಿಲ್ಲುವುದು. ಮಳೆ ಬಿದ್ದಂತೆ ಈ ಗಷ್ಟಿನಿಂದ ತಾಮ್ರವು ಸ್ವಲ್ಪಸ್ವಲ್ಪವಾಗಿ ಬಿಡುಗಡೆಯಾಗಿ ಶಿಲೀಂಧ್ರದ ಬೀಜಾಣುಗಳನ್ನು ಕೊಲ್ಲುತ್ತದೆ.

ಸುಣ್ಣವು ಹಳತಾಗಿ ಸತ್ವಗುಂದಿದ್ದರೆ ಕೂಡದೆ ಉಳಿದ ತುತ್ತವು ಎಳೆಯ ಭಾಗಗಳನ್ನು ಸುಡುವುದು. ಇದನ್ನರಿಯಲು ಉಜ್ಜಿದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಕೆಲಹೊತ್ತು ಅದ್ದಿ ನೋಡುವ ಪದ್ಧತಿಯುಂಟು. ಅಲಗಿನ ಮೇಲೆ ಕೆಂಪು ತಾಮ್ರವು ಕೂತರೆ ಇನ್ನಷ್ಟು ಸುಣ್ಣದ ನೀರು ಬೇಕೆಂದೇ ಅರ್ಥ. ರಸಾಯನಶಾಲೆಯ ಹಂಗಿಲ್ಲದ ಇಂಥ ಪರೀಕ್ಷೆ ಮತ್ತೊಂದು ಸಿಗುವುದು ಕಷ್ಟ. ತುತ್ತವು ಕಬ್ಬಿಣವನ್ನು ತಿನ್ನುವ ಈ ಗುಣದಿಂದಲೇ ಕಬ್ಬಿಣದ ಪಾತ್ರೆಯು ವರ್ಜ್ಯ. ಮರದ ಪೀಪಾಯಿ, ಮಣ್ಣಿನ ಬಾನಿ, ಇಂದಿನ ಪ್ಲಾಸ್ಟಿಕ್ ಡ್ರಮ್ಮು ಇವು ಯೋಗ್ಯವಾದುವು.

ಮುಂಗಾರು ಹಿಡಿಯುವ ಮುನ್ನವೇ ಮೊದಲನೆಯ ಸಿಂಪಡಿಕೆಯು ಮುಗಿಯಬೇಕು. ರೋಗವು ಹತ್ತಿದ ಕಾಯನ್ನು ಈ ಮದ್ದು ಗುಣಪಡಿಸಲಾರದು, ಹತ್ತದ ಕಾಯನ್ನು ಕಾಯಬಲ್ಲುದು. 40-45 ದಿನಗಳ ತರುವಾಯ, ಮಳೆ ಬಿಟ್ಟ ಹೊತ್ತನ್ನು ನೋಡಿ, ಎರಡನೆಯ ಸಾರಿ ಗೊನೆಯೆಲ್ಲ ನೆನೆಯುವಂತೆ ಹೊಡೆಯುವರು. ದ್ರಾವಣವನ್ನು ಕೂಡಿಸಿದ ದಿನವೇ ಮುಗಿಸತಕ್ಕದ್ದು. ರಾತ್ರಿ ಕಳೆದರೆ ಕಣಗಳು ಗಂಟುಗಟ್ಟಿ ಅಂಟುವ ಗುಣವು ಕೆಡುತ್ತದೆ.