ಪೂಜಾಸ್ಥಾನವಾಚಕ ಶಬ್ದಗಳೂ ಶಾಲಾಪಾಠವೂ

ಮಸೀದಿಯೆಂದರೆ ಮುಸಲ್ಮಾನರ ದೇಗುಲ, ಇಗರ್ಜಿಯೆಂದರೆ ಕ್ರೈಸ್ತರ ದೇಗುಲ ಎಂದು ಮಕ್ಕಳಿಗೆ ಹೇಳಿ ಮುಂದೆ ಸಾಗುವುದು ನಮ್ಮ ಉಪಾಧ್ಯಾಯರಲ್ಲಿ ರೂಢಿಯಾಗಿದೆ. ನಾನೂ ಬಹುಕಾಲ ಹೀಗೆಯೇ ಹೇಳಿದವನು. "ಹಾಗಾದರೆ ಮಸೀದಿಯ ಗರ್ಭಗುಡಿಯಲ್ಲಿ ಯಾವ ಮೂರ್ತಿಯಿದೆ?" ಎಂದು ಹುಡುಗನೊಬ್ಬನು ಕೇಳಿದಾಗ, ತಪ್ಪು ಅವನ ಪ್ರಶ್ನೆಯದಲ್ಲ, ನನ್ನ ಅರ್ಥವಿವರಣೆಯದೆಂದು ಮನದಟ್ಟಾಯಿತು.

ಶಬ್ದಗಳನ್ನೇ ಪರೀಕ್ಷಿಸೋಣ. 'ದೇಗುಲ'ವು 'ದೇವಕುಲ' ಶಬ್ದದ ತದ್ಭವ. 'ಬಸದಿ'ಯು 'ವಸತಿ' ಶಬ್ದದ್ದು. ಎರಡರಲ್ಲಿಯೂ ವಾಸದ ಭಾವವುಂಟು. ಕ್ರಿ. ಶ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ತಾನು ಕಟ್ಟಿಸಿದ ಜಿನಾಲಯವನ್ನು ಮನೆಯೆಂಬರ್ಥದ ಪದಗಳಿಂದಲೇ ನಿರ್ದೇಶಿಸಿರುವನು. ಮನೆಯೆಂದ ಮೇಲೆ ಒಳಗೆ ಯಾರಿರುವರೆಂದು ಕೇಳುವುದು ಸಹಜವಷ್ಟೆ.

ಅರಬ್ಬಿಯ 'ಮಸ್ಜಿದ್' ಎಂಬುದಾದರೋ ಹಣೆಯನ್ನು ನೆಲಕ್ಕೆ ಮುಟ್ಟಿಸಿ ನಮಿಸುವುದೆಂಬರ್ಥದ ಧಾತುವಿನಿಂದ ಹುಟ್ಟಿದುದು. ಆ ಕ್ರಿಯೆ ನಡೆಯುವ ಸ್ಥಳವೆಂದು ಅರ್ಥ. ನಮ್ಮ ವೈಯಾಕರಣರು ಅಧಿಕರಣಾರ್ಥವೆನ್ನುವರಲ್ಲವೆ, ಅದೇ. ಅಲ್ಲಿ ಮೂರ್ತಿಯಿಲ್ಲ, ದಿಕ್ಕು ಮಾತ್ರವುಂಟು. ವಿಜಯಪುರದ ಜಾಮಿ ಮಸೀದಿಯ ಪಶ್ಚಿಮಭಿತ್ತಿಯಲ್ಲಿ ವರ್ಣಾಲಂಕೃತವಾದ ಮಿಹರಾಬನ್ನು ಕಂಡ ಮಕ್ಕಳು ಅದನ್ನು ಗರ್ಭಗುಡಿಯೆಂದೇ ಭಾವಿಸಬಹುದು. ಅದು ಮಕ್ಕೆಯ ದಿಕ್ಕನ್ನು ತೋರುವ ಗೂಡು.

'ಇಗರ್ಜಿ' ಪೋರ್ತುಗೀಜರಿಂದ ಬಂದ ಮಾತು. ಅದರ ಮೂಲವಾದ ಗ್ರೀಕ್ ಶಬ್ದಕ್ಕೆ ಜನರ ಸಭೆಯೆಂದರ್ಥ. ಎಂದರೆ ಮೊದಲು ಜನ, ಆಮೇಲೆ ಕಟ್ಟಡ.

ಬೀದರಿನ ಗುರುದ್ವಾರದಲ್ಲಿ ಉನ್ನತಾಸನದ ಮೇಲಿರುವುದು ಗ್ರಂಥ. ಪುಸ್ತಕಪೂಜೆಯನ್ನು ಬಲ್ಲ ನಮ್ಮ ಮಕ್ಕಳಿಗೆ ಇದು ಬೇಗನೆ ತಿಳಿಯುವುದು. ಆದರೆ ಇದೂ ನಮ್ಮ ಸರಸ್ವತೀಪೂಜೆಯಂತೆಯೇ ಎಂದುಬಿಟ್ಟರೆ ಮತ್ತೆ ಮೊದಲಿನ ತಪ್ಪೇ. ಸಿಖ್ಖರಿಗೆ ಆ ಗ್ರಂಥವೇ ಗುರು.